ರುಚಿ ಯಾರ ಪಾಲು?

ನಮ್ಮ ಅಳಿಯಂದಿರು ಊಟದ ಹೊತ್ತಿನಲ್ಲಿ ಉಗುಳುತ್ತಾರೆ. ಮೊದಲೇ ಹೇಳಿಬಿಡುವುದು ಒಳ್ಳೆಯದು; ಸಿಂಧನೂರಿನ ನಮ್ಮ ಓಣಿಗೆ ಹೇಗೂ ಇದು ಗೊತ್ತಾಗಿಹೋಗಿದೆ. ಬೆಂಗಳೂರಿನ ದೊಡ್ಡ ಹೋಟೆಲುಗಳಿಗೆ ವೈನು ಆರಿಸಿಕೊಡುವುದು ಅವರ ಉದ್ಯೋಗ. ಲಂಡನ್ನಿನ ಡಬ್ಲ್ಯೂಎಸ್‌ಇಟಿ ಎಂಬ ಸಂಸ್ಥೆಯ ಪರೀಕ್ಷೆ ಕಟ್ಟಿ ಪಾಸಾದವರು. ಯುಗಾದಿಗೆ ಮಗಳನ್ನು ಕರೆದುಕೊಂಡು ಬರುವಾಗ ಒಂದೆರಡು ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ ತರುತ್ತಾರೆ. ಹಬ್ಬದ ದಿನ ಅವನ್ನು ತೆಗೆಯುವಂತಿಲ್ಲ, ಮರುದಿನದಿಂದ ನಿಮ್ಮ ಕೆಲಸ ನೀವು ಮಾಡಿಕೊಳ್ಳಿ ಎಂಬುದು ನಮ್ಮ ಮನೆಯ ಕರಾರು. ಮರುದಿನ ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಅವರು ಪಡಸಾಲೆಯಲ್ಲಿ ಕೂತು, ಒಂದು ಗುಟುಕನ್ನು ಬಾಯಿಗೆ ಹಾಕಿಕೊಂಡು, ಅದನ್ನು ನಾಲಿಗೆಯ ಮೇಲೆ, ದವಡೆಯ ಸಂದಿಯಲ್ಲಿ ಓಡಾಡಿಸಿ, ಸ್ಟೀಲಿನ ಲೋಟಕ್ಕೆ ಉಗುಳಿ, ವಹಿಯಲ್ಲಿ ಏನೋ ಬರೆದುಕೊಳ್ಳುತ್ತಾರೆ. ನಂತರ ಒಂದು ತುತ್ತು ಎಣ್ಣೆಗಾಯಿ. ಮತ್ತೆ ಗುಟುಕು, ಮತ್ತೆ ಉಗುಳು, ಮತ್ತೆ ಬರಹ.

ಇದೇ ಮನೆತನದಲ್ಲಿ, ಲಿಂಗಸುಗೂರಿನ ನಮ್ಮ ಮಾವನವರು ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಅಂಚಿಗೆ ಅಂಟಿದ್ದನ್ನು ಬೆರಳಿನಿಂದ ಬಿಡಿಸಿ, ಆ ನೀರನ್ನು ಕುಡಿಯುತ್ತಿದ್ದರು. ಆಮೇಲೆ ತಟ್ಟೆಯನ್ನು ಒರೆಸಿ ಇಡುತ್ತಿದ್ದರು. ತಿಕ್ಕುವವರಿಗೆ ಕೆಲಸವೇ ಇರುತ್ತಿರಲಿಲ್ಲ. ಮಠಗಳಲ್ಲಿ ಊಟ ಮಾಡಿದವರಿಗೆ ಇದು ಹೊಸದಲ್ಲ. ಪ್ರಸಾದದ ಒಂದು ಅಗುಳೂ ಹೊರಗೆ ಹೋಗಬಾರದು. ಅನ್ನ ಮುದ್ದೆಯಾಗಿದ್ದರೂ, ಸಾರಿಗೆ ಉಪ್ಪು ಸಾಲದಿದ್ದರೂ ಅವರು ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಒಬ್ಬರು ತೊಳೆದ ನೀರನ್ನೂ ಬಿಡದವರು, ಇನ್ನೊಬ್ಬರು ಸಾವಿರಾರು ರೂಪಾಯಿಯ ರಸವನ್ನು ಲೋಟಕ್ಕೆ ಉಗುಳುವವರು. ರುಚಿಯನ್ನು ಅನುಭವಿಸುವುದು, ರುಚಿಯನ್ನು ತೂಗುವುದು, ಈ ಎರಡನ್ನೂ ಒಂದೇ ಬಾಯಿ ಮಾಡಬಹುದೇ? ಮಾಡಬಹುದಾದರೆ ಯಾವ ಹೊತ್ತಿನಲ್ಲಿ? ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಈಗ ಇಂಥವನ್ನು ಯೋಚಿಸಲು ಪುರುಸೊತ್ತಿದೆ.

ಜನ ಮೊದಲು ಕೇಳುವುದು ಬೇರೆಯದೇ, ನೀವೂ ಕುಡಿದಿರೇನು ಎಂದು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಕುಡಿದಿಲ್ಲ. ಮೂಸಿ ನೋಡಿದ್ದೇನೆ, ಬೆಳಕಿಗೆ ಹಿಡಿದು ಬಣ್ಣ ನೋಡಿದ್ದೇನೆ, ಅಷ್ಟೇ. ‘ಅಷ್ಟೇ’ ಎಂದು ಹೇಳಿ ತಪ್ಪಿಸಿಕೊಳ್ಳಲು ನಮ್ಮ ಷಟ್‌ಸ್ಥಲ ಬಿಡುವುದಿಲ್ಲ ಎಂಬುದೇ ಇಲ್ಲಿನ ತಮಾಷೆ. ಆರು ಲಿಂಗಗಳಿಗೆ ಆರು ಮುಖ, ಆರು ಪದಾರ್ಥ. ಆಚಾರಲಿಂಗಕ್ಕೆ ಮೂಗು, ಅದಕ್ಕೆ ಗಂಧ ಅರ್ಪಿತ. ಗುರುಲಿಂಗಕ್ಕೆ ನಾಲಿಗೆ, ರುಚಿ. ಶಿವಲಿಂಗಕ್ಕೆ ಕಣ್ಣು, ರೂಪು. ಜಂಗಮಲಿಂಗಕ್ಕೆ ಚರ್ಮ, ಸ್ಪರ್ಶ. ಪ್ರಸಾದಲಿಂಗಕ್ಕೆ ಕಿವಿ, ಶಬ್ದ. ಕೊನೆಯದು ಮಹಾಲಿಂಗ; ಅದರ ಮುಖ ಹೃದಯ, ಅದಕ್ಕೆ ಸಲ್ಲುವುದು ತೃಪ್ತಿ. ಇದನ್ನೇ ಇನ್ನೊಂದು ಕಡೆಯಿಂದ ಇಷ್ಟಲಿಂಗಕ್ಕೆ ರೂಪು, ಪ್ರಾಣಲಿಂಗಕ್ಕೆ ರುಚಿ, ಭಾವಲಿಂಗಕ್ಕೆ ತೃಪ್ತಿ ಎಂದು ಮೂರಾಗಿಯೂ ಹೇಳುತ್ತಾರೆ. ಅಂದಮೇಲೆ ಮೂಸುವುದೂ ಭೋಗವೇ, ನೋಡುವುದೂ ಭೋಗವೇ. ನುಂಗದಿದ್ದರೆ ಲೆಕ್ಕಕ್ಕಿಲ್ಲ ಎಂದು ಆಚಾರಲಿಂಗದ ಮುಂದೆ ವಾದ ಮಾಡಲು ಬರುವುದಿಲ್ಲ.

ಈ ಪಟ್ಟಿಯನ್ನು ಒಮ್ಮೆ ಅಳಿಯಂದಿರಿಗೆ ಬರೆದುಕೊಟ್ಟೆ. ಅವರು ತಮ್ಮ ಪರೀಕ್ಷೆಯ ಕ್ರಮವನ್ನು ಪಕ್ಕದಲ್ಲಿ ಬರೆದರು. ಮೊದಲು ಬಣ್ಣ, ತಿಳಿ. ಆಮೇಲೆ ವಾಸನೆ. ಆಮೇಲೆ ನಾಲಿಗೆ: ಸಿಹಿ, ಹುಳಿ. ಆಮೇಲೆ ಬಾಯಿಗೆ ಎಷ್ಟು ಮೈದುಂಬಿ ತಾಕುತ್ತದೆ, ಒಗರು ಎಷ್ಟು ಹಿಡಿಯುತ್ತದೆ, ನುಂಗಿದ ಮೇಲೆ ಅಥವಾ ಉಗುಳಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ. ಕಡೆಗೆ ತೀರ್ಪು. ದೋಷವಿದೆ, ಕಳಪೆ, ನಡೆದೀತು, ಒಳ್ಳೆಯದು, ತುಂಬ ಒಳ್ಳೆಯದು, ಅತ್ಯುತ್ತಮ ಎಂದು ಆರು ಮೆಟ್ಟಿಲು. ಕಿವಿಗೆ ಮಾತ್ರ ಅವರ ಪಟ್ಟಿಯಲ್ಲಿ ಜಾಗವಿಲ್ಲ, ಬಿರಡೆ ತೆಗೆದ ಸದ್ದನ್ನು ಬಿಟ್ಟರೆ. ಮಿಕ್ಕಂತೆ ಎರಡು ಪಟ್ಟಿಗಳೂ ಎಷ್ಟು ಹತ್ತಿರ ಹತ್ತಿರ ನಡೆದವೆಂದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಬೇರೆಯಾಗಿದ್ದು ಕೊನೆಯ ಸಾಲು ಒಂದೇ. ನಮ್ಮಲ್ಲಿ ಅಲ್ಲಿ ತೃಪ್ತಿ ಇತ್ತು, ಅವರಲ್ಲಿ ತೀರ್ಪು.

ಒಗರಿನ ವಿಷಯ ಬಂದಿತಾದ್ದರಿಂದ ಒಂದು ಮಾತು. ಆಯುರ್ವೇದ ಒಗರನ್ನೂ ಖಾರವನ್ನೂ ಆರು ರಸಗಳಲ್ಲಿ ಸೇರಿಸುತ್ತದೆ. ಈಗಿನ ವಿಜ್ಞಾನ ಇವೆರಡನ್ನೂ ರುಚಿ ಎನ್ನುವುದಿಲ್ಲ. ಕೆಂಪು ವೈನಿನ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವಿಕೆಯನ್ನು ತೆಗೆದುಬಿಡುತ್ತದೆ. ನಾಲಿಗೆ ತರಿತರಿಯಾದಂತೆ ಆಗುವುದು ಅದಕ್ಕೆ. ಮೆಣಸಿನಕಾಯಿಯ ಖಾರವಂತೂ ಉರಿ ತಿಳಿಸುವ ನರಕ್ಕೆ ಮುಟ್ಟುವಂಥದ್ದು. ಹಾಗಾದರೆ ಇವು ಗುರುಲಿಂಗಕ್ಕಲ್ಲ, ಜಂಗಮಲಿಂಗಕ್ಕೆ ಹೋಗಬೇಕು. ಚನ್ನಬಸವಣ್ಣನವರ ಹೆಸರಿನಲ್ಲಿರುವ ‘ಮಿಶ್ರಾರ್ಪಣ’ ಈ ಅರ್ಪಿತಗಳ ಬೆರಕೆಯನ್ನೇ ವಿಚಾರಿಸುವ ಗ್ರಂಥ. ಪಾಠ ಮಾಡುವಾಗ ಇದೆಲ್ಲ ಬರೀ ಲೆಕ್ಕಾಚಾರ ಅನ್ನಿಸಿತ್ತು. ಬಾಯೊಳಗೆ ಒಂದು ತುತ್ತು ಇಟ್ಟುಕೊಂಡು ಓದಿದರೆ ಹಾಗನ್ನಿಸುವುದಿಲ್ಲ.

ಈಗ ಊಟಕ್ಕೆ ಬರೋಣ.

ನಮ್ಮ ಕಡೆ ಯುಗಾದಿಯ ಬೇವು ಎಂದರೆ ಕುಡಿಯುವಂಥದ್ದು. ದಕ್ಷಿಣದವರ ಹಾಗೆ ಚಿಟಿಕೆ ಬೇವು, ಚೂರು ಬೆಲ್ಲ ಅಲ್ಲ. ಹೊಸ ಗಡಿಗೆಯಲ್ಲಿ ಬೆಲ್ಲದ ನೀರು, ಹುಣಸೆಯ ಹುಳಿ, ತುರಿದ ಮಾವಿನಕಾಯಿ, ಪುಟಾಣಿ ಹಿಟ್ಟು, ಒಣದ್ರಾಕ್ಷಿ, ಮೇಲೆ ಬೇವಿನ ಹೂವು. ಉಳಿದ ಬೇವನ್ನು ಮರುದಿನ ಅಳಿಯಂದಿರು ತಮ್ಮ ಬಾಟಲಿಗಳ ಎದುರು ಇಟ್ಟರು. ಯಾವುದೂ ನಿಲ್ಲಲಿಲ್ಲ. ಬೆಲ್ಲದ ಸಿಹಿಯ ಮುಂದೆ ಬಿಳಿ ವೈನು ಬರೀ ಹುಳಿ, ಬೇವಿನ ಕಹಿಯ ಜೊತೆ ಸೇರಿ ಕೆಂಪು ವೈನು ಕಷಾಯ. ಊಟದ ಸಿಹಿಗಿಂತ ವೈನು ಸಿಹಿಯಾಗಿರಬೇಕು ಎಂಬುದು ಅವರ ಮೊದಲ ಪಾಠವಂತೆ. ಹೋಳಿಗೆಗೆ ಅದಕ್ಕೇ ನಾಸಿಕದ ಕಡೆಯ ಸಿಹಿ ವೈನನ್ನು ಇಟ್ಟಿದ್ದರು. ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ತಡವಾಗಿ ಕೊಯ್ದ ಶೆನಿನ್ ಬ್ಲಾಂಕ್ ದ್ರಾಕ್ಷಿಯದು. ಅದು ಹೊಂದಿತು ಎಂದರು.

ಹೊಂದಿದ್ದರಲ್ಲಿ ಅವರು ಹೆಚ್ಚು ಹೊತ್ತು ನಿಂತಿದ್ದು ಪುಂಡಿಪಲ್ಲೆಯ ಬಳಿ. ಪುಂಡಿಯ ಹುಳಿ ಹುಣಸೆಯದಲ್ಲ, ಮಾವಿನದೂ ಅಲ್ಲ. ಹಲ್ಲು ಜುಮ್ಮೆನ್ನುವ ಸೊಪ್ಪಿನ ಹುಳಿ. ಅದಕ್ಕೆ ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಅವರು ತೆಗೆದದ್ದು ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ, ಹಂಪಿ ಹಿಲ್ಸ್‌ನ ಕೃಷ್ಮಾ ತೋಟದಲ್ಲಿ ಆದ ಸೊವಿನ್ಯೋಂ ಬ್ಲಾಂಕ್. ಹುಳಿಗೆ ಹುಳಿ ಎದುರು ನಿಂತರೆ ಎರಡೂ ತಗ್ಗುತ್ತವೆ, ಆಗ ಸೊಪ್ಪಿನ ಹಸಿರು ವಾಸನೆ ಮೇಲೆ ಬರುತ್ತದೆ ಎಂದು ವಿವರಿಸಿದರು. ನಾನು ಲೋಟ ಮೂಸಿ ನೋಡಿದೆ. ಹೌದು, ಆಗತಾನೇ ಕೊಯ್ದ ಸೊಪ್ಪಿನ ಘಾಟು ಅದರಲ್ಲಿ ಇತ್ತು. ಎಣ್ಣೆಗಾಯಿಗೆ ಮಾತ್ರ ಜಗಳ. ಶೇಂಗಾ, ಗುರೆಳ್ಳು ಅರೆದು ತುಂಬಿದ ಬದನೆಕಾಯಿಗೆ ನಂದಿ ಬೆಟ್ಟದ ಗ್ರೋವರ್‌ನವರ ಲಾ ರಿಸರ್ವ್ ಸರಿಹೋಗಬೇಕಿತ್ತು. ಎಣ್ಣೆ ಮತ್ತು ಕಾಳಿನ ಜಿಡ್ಡು ಟ್ಯಾನಿನ್ನಿನ ಒಗರನ್ನು ಮೆತ್ತಗೆ ಮಾಡುತ್ತದಂತೆ. ಆದರೆ ನಾನು ಹಾಕುವ ಪುಡಿ ಗುಂಟೂರಿನದು. ತುಂಗಭದ್ರಾ ಎಡದಂಡೆ ನಾಲೆ ಬಂದ ಮೇಲೆ ಇಲ್ಲಿಗೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಆಂಧ್ರದವರು ನಮ್ಮೂರಿಗೆ ಭತ್ತದ ಜೊತೆ ಆ ಖಾರವನ್ನೂ ಕಲಿಸಿದ್ದಾರೆ. ಖಾರದ ಬಾಯಿಗೆ ಮದ್ಯಸಾರ ಬಿದ್ದರೆ ಉರಿ ಇಮ್ಮಡಿ. ಅಳಿಯಂದಿರ ಹಣೆ ಬೆವರಿತು. ಮಗಳು ಎದ್ದು ಹೋಗಿ ಮಜ್ಜಿಗೆ ತಂದಳು. ವಹಿಯಲ್ಲಿ ಆ ಸಾಲಿನ ಎದುರು ಮಜ್ಜಿಗೆ ಎಂದು ಬರೆದು ಅಡಿಗೆರೆ ಎಳೆದದ್ದನ್ನು ನಾನು ನೋಡಿದ್ದೇನೆ.

ಯುರೋಪಿನವರ ಪುಸ್ತಕಗಳಲ್ಲಿ ವಸಂತದ ಊಟ, ವಸಂತದ ವೈನು ಎಂದರೆ ಬಳ್ಳಿ ಚಿಗುರುವ ಕಾಲದ್ದು, ತಣ್ಣಗಿನ ಹವೆಯದ್ದು. ನಮ್ಮ ದಖ್ಖನ್ನಿನಲ್ಲಿ ದ್ರಾಕ್ಷಿ ಕೊಯ್ಲಿಗೆ ಬರುವುದೇ ವಸಂತದಲ್ಲಿ. ವಿಜಯಪುರದ ತೋಟಗಳಲ್ಲಿ ಕೊಯ್ಲು ಮುಗಿಸಿ, ಶೆಡ್ಡುಗಳಲ್ಲಿ ಒಣದ್ರಾಕ್ಷಿಗೆ ಹಾಕಿ, ಬಳ್ಳಿ ಸವರುವ ಏಪ್ರಿಲ್ ಚಾಟ್ನಿಗೆ ಕತ್ತರಿ ಹಿಡಿಯುವ ಹೊತ್ತು ಅದು. ಸಿಂಧನೂರಿನಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಸುಳಿದಾಡುತ್ತಿರುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಆ ಕೋಣೆ 16ರಿಂದ 18 ಡಿಗ್ರಿಯದು. ನಮ್ಮ ಪಡಸಾಲೆ ಅಲ್ಲ.

ಹಾಗಂತ ವಸಂತಕ್ಕೂ ದ್ರಾಕ್ಷಿಯ ಮದ್ಯಕ್ಕೂ ನಮ್ಮಲ್ಲಿ ನಂಟೇ ಇರಲಿಲ್ಲ ಎನ್ನುವಂತಿಲ್ಲ. ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ದ ಋತುಚರ್ಯೆಯ ಅಧ್ಯಾಯ ವಸಂತದಲ್ಲಿ ಕುಡಿಯಬಹುದಾದವುಗಳ ಸಾಲಿನಲ್ಲಿ ಆಸವ, ಅರಿಷ್ಟ, ಕಬ್ಬಿನ ಸೀಧುಗಳ ಜೊತೆಗೆ ಮಾರ್ದ್ವೀಕವನ್ನೂ, ಅಂದರೆ ದ್ರಾಕ್ಷಿಯ ಮದ್ಯವನ್ನೂ ಹೇಳುತ್ತದೆ, ಗೆಳೆಯರ ಜೊತೆ, ಮಾವಿನ ರಸ ಬೆರೆಸಿ. ಅದೇ ಅಧ್ಯಾಯ ಗ್ರೀಷ್ಮಕ್ಕೆ ಬಂದಾಗ ಬೇಡವೇ ಬೇಡ, ಬೇಕೇಬೇಕೆಂದರೆ ತೀರ ಕೊಂಚ, ಇಲ್ಲವೇ ನೀರು ಧಾರಾಳ ಬೆರೆಸಿ ಎನ್ನುತ್ತದೆ. ವೈದ್ಯನಿಗೆ ಅದು ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಕಫಕ್ಕೆ ಏನು, ಪಿತ್ತಕ್ಕೆ ಏನು ಎಂಬ ಲೆಕ್ಕ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗ ಎಂದು ಬೇರೆ ಬೇರೆ ಪ್ರಕರಣಗಳಿವೆ. ಅಲ್ಲಿ ರುಚಿ ರಾಜನ ಪಾಲು. ಅದೇ ಕಲ್ಯಾಣದಲ್ಲಿ, ಅದೇ ಶತಮಾನ ಮುಗಿಯುವ ಮೊದಲೇ, ಶರಣರು ಅದೇ ಅನ್ನವನ್ನು ಎದುರಿಗಿಟ್ಟುಕೊಂಡು ರುಚಿ ನಿನ್ನ ಪಾಲಲ್ಲ, ನಿನ್ನ ನಾಲಿಗೆಯಲ್ಲಿ ಕೂತವನ ಪಾಲು ಎಂದರು. ಅನ್ನ ಬದಲಾಗಲಿಲ್ಲ. ನಾಲಿಗೆಯೂ ಅದೇ. ನಾನು ಓದಿದ ಧರ್ಮಶಾಸ್ತ್ರಗಳಲ್ಲಿ ಇಷ್ಟು ಧೈರ್ಯದ ತಿರುವು ಇನ್ನೊಂದನ್ನು ಕಂಡಿಲ್ಲ, ಯಾಕೆಂದರೆ ಇದು ರುಚಿಯನ್ನು ಬಿಡು ಎನ್ನುವುದಿಲ್ಲ. ಬಿಟ್ಟರೆ ಅರ್ಪಿಸುವುದಾದರೂ ಏನನ್ನು? ರುಚಿ ನೋಡದೆ ಗಬಗಬ ನುಂಗಿದವನು ಅರ್ಪಿತವನ್ನೇ ತಪ್ಪಿಸಿದ ಹಾಗೆ. ಅರ್ಪಿತಕ್ಕೆ ಅವಧಾನ ಬೇಕು ಎಂದು ಅವರು ಪದೇಪದೇ ಹೇಳುವುದು ಇದಕ್ಕೇ. ಹೆಂಡ ಮಾರುವ ಕಾಯಕದ ಮಾರಯ್ಯನೂ ಆ ಕೂಟದಲ್ಲಿದ್ದ, ತನ್ನ ಗಡಿಗೆ ಬಟ್ಟಲುಗಳ ಮಾತಿನಲ್ಲೇ ವಚನ ಹೇಳಿದ ಎಂಬುದನ್ನೂ ಮರೆಯಬಾರದು.

ಅವಧಾನ ಎಂದರೆ ತೂಗಿ ನೋಡುವುದೇ? ಇಲ್ಲಿ ನನಗೆ ನಮ್ಮ ಅತ್ತೆಯವರು ಬೇಕು. ಅವರು ನೈವೇದ್ಯ ಆಗುವ ತನಕ ಅಡುಗೆಯನ್ನು ಬಾಯಿಗೆ ಮುಟ್ಟಿಸಿದವರಲ್ಲ. ಆದರೂ ಉಪ್ಪು ತಪ್ಪುತ್ತಿರಲಿಲ್ಲ. ಕಟ್ಟಿನ ಸಾರು ಕುದಿಯುವಾಗ ಮುಚ್ಚಳ ಸರಿಸಿ, ಹಬೆಗೆ ಮೂಗು ಒಡ್ಡಿ, ‘ಉಪ್ಪ ಕಡಿಮಿ ಐತಿ’ ಎನ್ನುತ್ತಿದ್ದರು. ಉಪ್ಪಿಗೆ ವಾಸನೆಯಿಲ್ಲ, ನನಗೂ ಗೊತ್ತು. ಉಪ್ಪು ಬಿದ್ದ ಸಾರಿನ ವಾಸನೆ ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಕುರಿತು ಬರೆದ ಪ್ರಬಂಧದಲ್ಲಿ ‘ಡಾನ್ ಕ್ವಿಕ್ಸೋಟ್’ನಿಂದ ಒಂದು ಕಥೆ ಎತ್ತಿಕೊಳ್ಳುತ್ತಾನೆ. ಇಬ್ಬರು ಒಂದು ಪೀಪಾಯಿಯ ವೈನಿನ ರುಚಿ ನೋಡುತ್ತಾರೆ. ಒಬ್ಬ ಚೆನ್ನಾಗಿದೆ, ಕೊಂಚ ಚರ್ಮದ ರುಚಿ ಇದೆ ಎನ್ನುತ್ತಾನೆ. ಇನ್ನೊಬ್ಬನೂ ಚೆನ್ನಾಗಿದೆ, ಆದರೆ ಕಬ್ಬಿಣದ ರುಚಿ ಇದೆ ಎನ್ನುತ್ತಾನೆ. ಜನ ನಗುತ್ತಾರೆ. ಪೀಪಾಯಿ ಬರಿದಾದಾಗ ಅಡಿಯಲ್ಲಿ ಚರ್ಮದ ದಾರ ಕಟ್ಟಿದ ಕಬ್ಬಿಣದ ಕೀಲಿಕೈ ಸಿಗುತ್ತದೆ. ಸೂಕ್ಷ್ಮ ನಾಲಿಗೆ ಇಲ್ಲದ್ದನ್ನು ಕಲ್ಪಿಸಿಕೊಳ್ಳುವುದಿಲ್ಲ, ಇದ್ದದ್ದನ್ನೇ ಕಾಣುತ್ತದೆ ಎಂಬುದು ಹ್ಯೂಮನ ವಾದ. ಅತ್ತೆಯವರನ್ನು ಕಂಡವಳಾದ್ದರಿಂದ ನಾನು ಇದನ್ನು ಒಪ್ಪುತ್ತೇನೆ.

ಉಗುಳುವುದರ ಬಗ್ಗೆ ನನಗಿದ್ದ ಅಸಹನೆಯನ್ನು ಕೆಳಗಿಳಿಸಿದವರು ನಮ್ಮ ಪಕ್ಕದ ಮನೆಯವರು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ರಂಜಾನ್ ಹಬ್ಬ ಮಾರ್ಚ್ 31ಕ್ಕೆ. ನಾನು ಹೋಳಿಗೆಗೆ ಕಡಲೆಬೇಳೆ ತೊಳೆಯುತ್ತಿದ್ದ ದಿನಗಳಲ್ಲಿ ಅವರು ರೋಜಾದಲ್ಲಿದ್ದರು. ಸಂಜೆ ಇಫ್ತಾರಿಗೆ ಅಡುಗೆ ಮಾಡುವಾಗ ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ, ಉಪ್ಪು ನೋಡಿ, ಉಗುಳಿಬಿಡುತ್ತಾರೆ. ನುಂಗದಿದ್ದರೆ ಉಪವಾಸ ಮುರಿಯುವುದಿಲ್ಲ, ಅಡುಗೆ ಮಾಡುವವರಿಗೆ ಇಷ್ಟು ರಿಯಾಯಿತಿ ಇದೆ ಎಂದು ಅವರ ಧರ್ಮದ ವಿದ್ವಾಂಸರು ಹೇಳುತ್ತಾರೆ. ಬೆಳಗಿನಿಂದ ನೀರೂ ಕುಡಿಯದ ಹೆಂಗಸು ಇನ್ನೊಬ್ಬರ ತುತ್ತಿಗೆಂದು ನೋಡಿ ಉಗುಳುವ ಆ ಒಂದು ಹನಿಯಲ್ಲಿ ತಿರಸ್ಕಾರ ಎಲ್ಲಿದೆ?

ಹಾಗಿದ್ದ ಮೇಲೆ ಉಗುಳುವುದನ್ನು ನಾನು ಆಕ್ಷೇಪಿಸುವಂತಿಲ್ಲ. ಅಳಿಯಂದಿರೂ ಯಾರದೋ ಊಟಕ್ಕಾಗಿಯೇ ರುಚಿ ನೋಡುವವರು. ಅತ್ತೆಯವರು ರುಚಿ ನೋಡದೆ ತೂಗಿದರು, ಪಕ್ಕದವರು ನುಂಗದೆ ತೂಗುತ್ತಾರೆ, ಇವರೂ ನುಂಗದೆ ತೂಗುತ್ತಾರೆ. ಮೂವರೂ ಅಡುಗೆಯ ಕಡೆಯವರು, ಎಡೆಯ ಕಡೆಯವರಲ್ಲ. ನನಗೆ ತಿಳಿದಂತೆ ತಕ್ಕಡಿಗೆ ಒಂದು ಹೊತ್ತಿದೆ, ಅದು ಅರ್ಪಿತಕ್ಕೆ ಮೊದಲಿನದು. ಆಗ ಎಷ್ಟು ನಿಷ್ಠುರವಾಗಿ ತೂಗಿದರೂ ಸಲ್ಲುತ್ತದೆ. ಕೊಳೆತ ಹೂವನ್ನು, ಹಳಸಿದ ಅನ್ನವನ್ನು ಯಾರೂ ಅರ್ಪಿಸುವುದಿಲ್ಲ. ಎಡೆ ಇಟ್ಟು ಅರ್ಪಿಸಿದ ಮೇಲೆ ತಕ್ಕಡಿ ಕೆಳಗಿಡಬೇಕು. ಮಾವನವರು ಉಪ್ಪಿಲ್ಲದ ಸಾರಿಗೆ ಸುಮ್ಮನಿದ್ದದ್ದು ನಾಲಿಗೆ ಮಂದವಾಗಿ ಅಲ್ಲ. ಆ ಹೊತ್ತು ಮುಗಿದಿತ್ತು, ಅಷ್ಟೇ.

ಇದಕ್ಕೆ ಒಂದು ಸಾಕ್ಷಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಮುದಗಲ್ಲಿನ ಕೋಟೆ ಎಲ್ಲರಿಗೂ ಗೊತ್ತು, ಅಲ್ಲಿನ ಮೊಹರಂ ಇನ್ನೂ ಹೆಚ್ಚು ಗೊತ್ತು. ಅಲ್ಲೊಂದು ಹಳೆಯ ಕಥೋಲಿಕ ಸಮುದಾಯವೂ ಇದೆ. ಹಳೆಯ ಗೆಜೆಟಿಯರು ಅಲ್ಲಿನ ಚರ್ಚನ್ನು 16ನೇ ಶತಮಾನದ ಜೆಸ್ವಿಟ್ ಪಾದ್ರಿಗಳ ಕಾಲಕ್ಕೆ ಒಯ್ಯುತ್ತದೆ. ಆ ಊರಿನ ನನ್ನ ಸಹೋದ್ಯೋಗಿಯೊಬ್ಬರು ಪಾಸ್ಕ ಹಬ್ಬಕ್ಕೆ ಊಟಕ್ಕೆ ಕರೆಯುತ್ತಿದ್ದರು. ಬಲಿಪೂಜೆಯ ದ್ರಾಕ್ಷಾರಸದ ಬಗ್ಗೆ ಅವರನ್ನು ಕೇಳಿದ್ದೆ. ಅದು ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು. ಅವರ ಧರ್ಮದ ಕಾನೂನು ಕೇಳುವುದು ಇಷ್ಟನ್ನೇ. ಅಳಿಯಂದಿರ ಆರು ಮೆಟ್ಟಿಲುಗಳಲ್ಲಿ ತೀರ ಕೆಳಗಿನದು ಒಂದನ್ನು ದಾಟಿದರೆ ಸಾಕು. ಪೂಜೆಯಲ್ಲಿ ಅರ್ಪಿಸಿದ ಮೇಲೆ ಈ ವರ್ಷದ ರಸ ಹೋದ ವರ್ಷದಷ್ಟು ಚೆನ್ನಾಗಿಲ್ಲ ಎಂದು ಯಾವ ಗುರುವೂ ಹೇಳುವುದಿಲ್ಲ. ಪರಮಪ್ರಸಾದ ಹಂಚಿ ಮುಗಿದ ಬಳಿಕ ಗುರುಗಳು ಪಾನಪಾತ್ರೆಗೆ ನೀರು ಹಾಕಿ, ಅಲುಗಿಸಿ, ಆ ನೀರನ್ನು ಕುಡಿದು, ಪಾತ್ರೆಯನ್ನು ಬಟ್ಟೆಯಿಂದ ಒರೆಸುತ್ತಾರೆ. ಇದನ್ನು ಕೇಳಿದಾಗ ನಾನು ಎರಡೆರಡು ಸಲ ಹೇಳಿಸಿಕೊಂಡೆ. ಮಾವನವರಿಗೆ ತಿಳಿದಿದ್ದರೆ ಆ ಗುರುಗಳನ್ನು ಮನೆಗೆ ಕರೆದು ಪಕ್ಕದಲ್ಲಿ ಎಡೆ ಹಾಕಿಸುತ್ತಿದ್ದರು.

ಮುದಗಲ್ಲಿಗೆ ವೈನಿನ ಇನ್ನೊಂದು ನೆಂಟಸ್ತಿಕೆಯೂ ಇದೆ, ಅದು ಒಳ್ಳೆಯದಲ್ಲ. ಇತಿಹಾಸಕಾರ ಫೆರಿಷ್ತಾ ಬರೆದಿಟ್ಟಂತೆ 1366ರಲ್ಲಿ ಕಲಬುರಗಿಯ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ ಪಾನಗೋಷ್ಠಿಯ ಗುಂಗಿನಲ್ಲಿ, ಹಾಡಿದವರಿಗೆ ಬಹುಮಾನದ ಹಣವನ್ನು ವಿಜಯನಗರದ ರಾಯನ ಖಜಾನೆಯಿಂದ ಪಡೆಯಿರಿ ಎಂದು ಚೀಟಿ ಬರೆಸಿದ. ಚೀಟಿ ತಂದವನನ್ನು ರಾಯ ಅವಮಾನಿಸಿ ಅಟ್ಟಿದ. ತುಂಗಭದ್ರೆ ದಾಟಿ ಮುದಗಲ್ಲನ್ನು ಹಿಡಿದು ಕೋಟೆಯಲ್ಲಿದ್ದವರನ್ನು ಕೊಂದ. ಅದರ ಸೇಡಿಗೆ ಸುಲ್ತಾನ ಹರಿಸಿದ ರಕ್ತಕ್ಕೆ ಲೆಕ್ಕವಿಲ್ಲ. ಒಂದು ಸಂಜೆಯ ಉಲ್ಲಾಸಕ್ಕೆ ಬೆಲೆ ತೆತ್ತವರು ಆ ಸಂಜೆ ಅಲ್ಲಿ ಇರದವರು.

ಇರದವರು ತೆರುವ ಬೆಲೆ ಈಗಲೂ ಇದೆ. ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವಾಕೆ ಒಂದು ಸಂಜೆ ಉಗುಳಿದ ಲೋಟವನ್ನು ಕೈಯಲ್ಲಿ ಹಿಡಿದು ಕೇಳಿದಳು: “ಅಕ್ಕಾರ, ಇದು ಎಷ್ಟಾಕೈತ್ರಿ?” ಬಾಟಲಿಯ ರೇಟು ನಾನು ಅವಳಿಗೆ ಕೊಡುವ ತಿಂಗಳ ಪಗಾರಕ್ಕೆ ಸಮ. ಸುಳ್ಳು ಹೇಳಲಿಲ್ಲ. ಅವಳು ಸಿಟ್ಟಾಗಲೂ ಇಲ್ಲ. “ನಮ್ಮವಗ ಉಗುಳೋದು ಕಲಿಸಿದ್ರ ನನ್ನ ಮನಿ ಉಳೀತಿತ್ತು ನೋಡ್ರಿ” ಎಂದು ಲೋಟ ತೊಳೆದಿಟ್ಟಳು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಸಾರಾಯಿ ಹೋದ ಜಾಗಕ್ಕೆ ಪ್ಯಾಕೆಟ್ಟಿನ ಅಗ್ಗದ ವಿಸ್ಕಿ ಬಂತು. ಅವಳ ಗಂಡ ಕುಡಿಯುವುದು ಅದನ್ನು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಣ್ಣುಮಕ್ಕಳಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಅವರ ಮುಂದೆ ನಿಂತು ಪುಂಡಿಪಲ್ಲೆಗೆ ಯಾವ ವೈನು ಹೊಂದುತ್ತದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಆಕೆ ಅಂದ ಮಾತಿನಲ್ಲಿ ಶರಣರ ಅವಧಾನವೇ ಇತ್ತಲ್ಲವೇ? ಮೂಸದೆ, ನೋಡದೆ, ನಾಲಿಗೆಗೆ ತಾಗಿಸದೆ ಗಂಟಲಿಗೆ ಸುರಿದುಕೊಳ್ಳುವವನಿಗೆ ಆರರಲ್ಲಿ ಐದು ಲಿಂಗಗಳೂ ಉಪವಾಸ.

ಬಿಡುವುದು, ಬಿಡದಿರುವುದು ಎಂಬ ಮಾತು ಬಂದಾಗ ನನಗೆ ನೆನಪಾಗುವುದು ನನ್ನ ತವರು ಮಸ್ಕಿ. ಚಿಕ್ಕವರಿದ್ದಾಗ ಗುಡ್ಡದ ಆ ಬಂಡೆಯ ಹತ್ತಿರ ಆಡಿದವರು ನಾವು. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರಿಗೆ ಅಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇತ್ತು, ಅದರಿಂದಲೇ ಆ ಬಿರುದಿನ ಶಾಸನಗಳೆಲ್ಲ ಯಾರವು ಎಂಬುದು ನಿಶ್ಚಯವಾಯಿತು. ಇದು ಶಾಲೆಯ ಪಾಠ. ಆ ಶಾಸನದಲ್ಲಿ ರಾಜ ಹೇಳಿಕೊಳ್ಳುವುದು ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು ಎಂದು. ಉಪಾಸಕನ ಐದನೆಯ ಶೀಲ ಮದ್ಯದಿಂದ ದೂರ ಇರುವುದು. ಬೇರೆ ಕಡೆಯ ಬಂಡೆಗಳ ಮೇಲೆ ಅವನೇ ತನ್ನ ಅಡುಗೆಮನೆಯ ಲೆಕ್ಕವನ್ನೂ ಕೊಡುತ್ತಾನೆ: ಮೊದಲು ದಿನಕ್ಕೆ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನಾ ಇಲ್ಲ. ಪೂರ್ತಿ ಬಿಟ್ಟೆ ಎಂದು ಬರೆಸಿಕೊಳ್ಳಬಹುದಿತ್ತು, ಕೇಳುವವರು ಯಾರಿದ್ದರು? ಬರೆಸಲಿಲ್ಲ. ಆ ಪ್ರಾಮಾಣಿಕತೆ ನನಗೆ ಇಷ್ಟ.

ಮತ್ತೆ ತಕ್ಕಡಿಯ ಮಾತಿಗೆ ಬಂದರೆ, ಮೌಲ್ಯಮಾಪನದ ಕೆಲಸ ನನಗೂ ಹೊಸದಲ್ಲ. ಪ್ರತಿ ವರ್ಷ ಇದೇ ವಸಂತದಲ್ಲಿ ಪಿಯು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂತವಳು. ವಚನದ ಸಾರಾಂಶಕ್ಕೆ ಇಷ್ಟು ಅಂಕ, ಸ್ವಾರಸ್ಯಕ್ಕೆ ಇಷ್ಟು. ಸ್ವಾರಸ್ಯಕ್ಕೂ ಅಂಕ! ಸಂಜೆಯಾಗುವ ಹೊತ್ತಿಗೆ ಬಸವಣ್ಣನೂ ಕಾಣುತ್ತಿರಲಿಲ್ಲ, ಅಲ್ಲಮನೂ ಕಾಣುತ್ತಿರಲಿಲ್ಲ. ಕೆಂಪು ಶಾಯಿ ಮಾತ್ರ. ಒಮ್ಮೊಮ್ಮೆ ಯಾವುದೋ ಹಳ್ಳಿಯ ಹುಡುಗಿ, ಗೈಡಿನಲ್ಲಿಲ್ಲದ ಒಂದು ಸಾಲು ಬರೆದಿರುತ್ತಿದ್ದಳು. ಪೆನ್ನು ಕೆಳಗಿಟ್ಟು ಅದನ್ನು ಮತ್ತೆ ಓದುತ್ತಿದ್ದೆ. ಅಂಕಕ್ಕಾಗಿ ಓದದೇ ಇದ್ದಿದ್ದರೆ ಆ ಸಾಲು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕೇ, ವಹಿ ಬರೆಯುವ ಅಳಿಯಂದಿರು ರಸಹೀನರು ಎಂದು ನಾನು ಹೇಳಲಾರೆ. ವಹಿ ಮುಚ್ಚಿದ ಮೇಲೆ ಅವರು ರೊಟ್ಟಿ ಮುರಿಯುವುದನ್ನು ನೋಡಿದ್ದೇನೆ. ಚೆನ್ನಾಗಿ ಉಣ್ಣುತ್ತಾರೆ.

ಈ ತಕ್ಕಡಿಯ ವಿಚಾರವನ್ನೆಲ್ಲ ಅವರಿಗೆ ಹೇಳಿದೆ. ನೀವು ಅಡುಗೆಮನೆಯಲ್ಲಿ ಎಷ್ಟಾದರೂ ತೂಗಿ, ಎಡೆ ಇಟ್ಟ ಮೇಲೆ ಬೇಡ ಎಂದೆ. ಅವರು ಹೋಳಿಗೆಯ ಮೇಲೆ ತುಪ್ಪ ಹಾಕಿಕೊಳ್ಳುತ್ತಿದ್ದರು.

“ಮಾತು ಖರೆ ಐತ್ರಿ ಅತ್ತಿಯವರ. ಆದ್ರ ಎಡಿ ಆದ ಮ್ಯಾಲೆ ಪ್ರತಿಯೊಬ್ಬರ ಮುಂದ ನಿಂತು ‘ಹೋಳಿಗಿ ಹೆಂಗಾಗ್ಯಾವ’ ಅಂತ ಕೇಳೋರು ನೀವಲ್ಲೇನ್ರಿ?”

ಮಗಳು ನಕ್ಕಳು. ನಮ್ಮ ಮನೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಕೇಳ್ತೀನ್ರಿ,” ಎಂದೆ. “ಹೇಳ್ರಿ, ಹೆಂಗಾಗ್ಯಾವ?”